ಗುಂಡು ಹಾರುವ ಮೊದಲು ತಲುಪುವವರು ಯಾರು?

1992ರ ಮೇ ತಿಂಗಳು. ಅಮೆರಿಕದ ಬೋಸ್ಟನ್ ನಗರದ ಮ್ಯಾಟಪ್ಯಾನ್ ಎಂಬ ಪ್ರದೇಶದ ಒಂದು ಚರ್ಚ್‌ನಲ್ಲಿ ಗುಂಡೇಟಿಗೆ ಬಲಿಯಾದ ಯುವಕನೊಬ್ಬನ ಅಂತ್ಯಸಂಸ್ಕಾರದ ಪ್ರಾರ್ಥನೆ ನಡೆಯುತ್ತಿತ್ತು. ಅಷ್ಟರಲ್ಲಿ ಒಂದು ಗ್ಯಾಂಗ್‌ನ ಹುಡುಗರು ಒಳಗೆ ನುಗ್ಗಿ, ದುಃಖದಲ್ಲಿ ಕುಳಿತಿದ್ದ ಜನರ ನಡುವೆಯೇ ಒಬ್ಬನನ್ನು ಹಿಡಿದು ಇರಿದರು. ನಮ್ಮಲ್ಲಿ ಮಯ್ಯಿತ್ ನಮಾಝಿಗೆ ಸಫ್ ನಿಂತಿರುವಾಗ ಇಂಥದ್ದು ನಡೆದರೆ ಹೇಗಿರಬಹುದು ಎಂದು ಒಮ್ಮೆ ಯೋಚಿಸಿದರೆ, ಆ ಊರಿನವರಿಗೆ ಆದ ಆಘಾತ ಅರ್ಥವಾದೀತು.

ಆ ಘಟನೆಯ ನಂತರ ಬೋಸ್ಟನ್‌ನ ಕೆಲವು ಕಪ್ಪು ಜನಾಂಗದ ಪಾದ್ರಿಗಳು ಒಂದೆಡೆ ಸೇರಿದರು. ಚರ್ಚ್‌ನ ಬಾಗಿಲಿಗೆ ಕಾವಲು ಹಾಕೋಣ ಎಂದು ಅವರು ತೀರ್ಮಾನಿಸಬಹುದಿತ್ತು, ಹಾಗೆ ಮಾಡಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಹುಡುಗರು ಚರ್ಚ್‌ಗೆ ಬರದಿದ್ದರೆ ಚರ್ಚೇ ಹುಡುಗರ ಹತ್ತಿರ ಹೋಗಬೇಕು ಎಂದು ಅವರು ನಿರ್ಧರಿಸಿದರು. ಅಲ್ಲಿಂದ ಶುರುವಾದ ಕೆಲಸ ಮುಂದೆ ಅಮೆರಿಕದ ಹಲವು ನಗರಗಳಿಗೆ ಮಾದರಿಯಾಯಿತು. ಅದು ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದನ್ನು ನಾವೂ ತಿಳಿದುಕೊಳ್ಳಬೇಕಾದ ಕಾರಣ ಉಂಟು. ಅದನ್ನು ಕೊನೆಗೆ ಹೇಳುತ್ತೇವೆ.

ಮೊದಲು ಆ ದೇಶದ ಸ್ಥಿತಿ ನೋಡಿ. 2021ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ 48,830 ಜನ ಸತ್ತರು. ಅಂದರೆ ದಿನಕ್ಕೆ 130ಕ್ಕೂ ಹೆಚ್ಚು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಕೊಲೆಯಾದವರು 21 ಸಾವಿರದ ಹತ್ತಿರ. ಅಲ್ಲಿ ಜನಸಾಮಾನ್ಯರ ಕೈಯಲ್ಲಿರುವ ಬಂದೂಕುಗಳ ಸಂಖ್ಯೆ ಸುಮಾರು 39 ಕೋಟಿ ಎಂದು 2018ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಜನಸಂಖ್ಯೆ ಆಗ 33 ಕೋಟಿಯೂ ಇರಲಿಲ್ಲ. ತಲೆಗೊಂದಕ್ಕಿಂತ ಹೆಚ್ಚು ಬಂದೂಕು! ಆಯುಧ ಇಟ್ಟುಕೊಳ್ಳುವ ಹಕ್ಕು ಅವರ ಸಂವಿಧಾನದ ತಿದ್ದುಪಡಿಯಲ್ಲೇ ಉಂಟು. ಅದು ಪ್ರತಿಯೊಬ್ಬ ವ್ಯಕ್ತಿಯ ಹಕ್ಕು ಎಂದು 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಹಾಗಾಗಿ ಕಾನೂನು ಬದಲಾಗಲಿ, ಆಮೇಲೆ ನೋಡೋಣ ಎಂದು ಕುಳಿತರೆ ಆ ದೇಶದ ಬಡ ಬೀದಿಗಳಲ್ಲಿ ಮಕ್ಕಳನ್ನು ದಫನ್ ಮಾಡುವುದೇ ಕೆಲಸವಾದೀತು. ಕಾನೂನು ಬೇಕು. ಅದು ಬರುವ ತನಕ ಬೀದಿಯಲ್ಲಿ ಯಾರಾದರೂ ಏನಾದರೂ ಮಾಡಲೇಬೇಕು.

ಬೋಸ್ಟನ್ ದೊಡ್ಡ ನಗರವೇನಲ್ಲ. 1990ರಲ್ಲಿ ಅಲ್ಲಿದ್ದ ಜನ ಆರು ಲಕ್ಷಕ್ಕಿಂತ ಕಡಿಮೆ. ಆ ವರ್ಷ ಅಲ್ಲಿ 152 ಕೊಲೆಗಳಾದವು. ಸತ್ತವರಲ್ಲಿ, ಕೊಂದವರಲ್ಲಿ ಬಹಳ ಮಂದಿ ಹರೆಯದ ಹುಡುಗರು. ಪಾದ್ರಿಗಳು ರಾತ್ರಿ ಹೊತ್ತು, ಗುಂಡಿನ ಸದ್ದು ಹೆಚ್ಚಿರುವ ಬೀದಿಗಳಲ್ಲಿ ನಡೆಯಲು ಶುರುಮಾಡಿದರು. ಯುಜೀನ್ ರಿವರ್ಸ್, ಜೆಫ್ರಿ ಬ್ರೌನ್, ರೇ ಹ್ಯಾಮಂಡ್ ಮೊದಲಾದವರು ಕಟ್ಟಿದ ಈ ಒಕ್ಕೂಟಕ್ಕೆ 'ಟೆನ್ ಪಾಯಿಂಟ್ ಕೊಅಲಿಷನ್' ಎಂದು ಹೆಸರು. ಮೊದಲು ಮೊದಲು ಹುಡುಗರು ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಟಿವಿಯವರು ಬಂದಾಗ ಬಂದು ಹೋಗುವವರು ಇವರು ಎಂದು ಭಾವಿಸಿದರು. ವಾರ ವಾರ ಅದೇ ಹೊತ್ತಿಗೆ, ಅದೇ ಜಾಗಕ್ಕೆ ಬರುವುದನ್ನು ಕಂಡ ಮೇಲೆ ಮಾತನಾಡತೊಡಗಿದರು. ಪಾದ್ರಿಗಳು ಅಲ್ಲಿ ವಅಳ್ ಹೇಳಲು ನಿಲ್ಲಲಿಲ್ಲ, ಕೇಳಿದರು. ಮಾದಕ ವಸ್ತು ಮಾರುವವನು ಅಂಗಡಿ ಬದಿಯಲ್ಲಿ ಹಗಲು ರಾತ್ರಿ ಮಕ್ಕಳ ಕಣ್ಣಿಗೆ ಬೀಳುತ್ತಾನೆ, ಧರ್ಮಗುರು ಮಾತ್ರ ವಾರಕ್ಕೊಮ್ಮೆ ವೇದಿಕೆ ಮೇಲೆ ಕಾಣಿಸುತ್ತಾನೆ ಎಂಬ ಕಹಿ ಸತ್ಯ ಅವರಿಗೆ ಅಲ್ಲಿ ಗೊತ್ತಾಯಿತು.

ಅದೇ ಹೊತ್ತಿಗೆ, 1995ರ ಸುಮಾರಿಗೆ, ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡೇವಿಡ್ ಕೆನಡಿ ಮತ್ತು ಅವರ ಸಂಗಡಿಗರು ಪೊಲೀಸರ ಜೊತೆ, ಬೀದಿ ಕಾರ್ಯಕರ್ತರ ಜೊತೆ ಕುಳಿತು ಒಂದು ಲೆಕ್ಕ ಹಾಕಿದರು. ಯಾರು ಯಾರನ್ನು ಕೊಲ್ಲುತ್ತಿದ್ದಾರೆ? ಉತ್ತರ ನೋಡಿ ಎಲ್ಲರೂ ಬೆರಗಾದರು. ಇಡೀ ನಗರದಲ್ಲಿ 61 ಗ್ಯಾಂಗ್‌ಗಳು, ಎಲ್ಲ ಸೇರಿ ಸುಮಾರು 1,300 ಹುಡುಗರು. ನಗರದ ಯುವಕರಲ್ಲಿ ಇವರು ಶೇ. 1ಕ್ಕಿಂತಲೂ ಕಡಿಮೆ. ಆದರೆ ಯುವಕರ ಕೊಲೆಗಳಲ್ಲಿ ಕನಿಷ್ಠ ಶೇ. 60ರಷ್ಟು ಇವರ ನಡುವಿನ ಜಗಳದಿಂದ ಆಗುತ್ತಿದ್ದವು. ಅಲ್ಲಿಯ ತನಕ 'ಆ ಏರಿಯಾದವರೇ ಹಾಗೆ', 'ಆ ಜನರೇ ಹಾಗೆ' ಎಂದು ಹೇಳುತ್ತಿದ್ದವರ ಬಾಯಿ ಈ ಲೆಕ್ಕದ ಮುಂದೆ ಕಟ್ಟಿತು. ಏರಿಯಾದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಕ್ಕಳು ಶಾಲೆಗೆ, ಕೆಲಸಕ್ಕೆ ಹೋಗಿ ಬರುವವರು. ಉಳಿದ ಒಬ್ಬನ ಹೆಸರು, ಮನೆ, ಅವನ ಜೊತೆಗಾರರು, ಅವನ ವೈರಿಗಳು ಎಲ್ಲವೂ ಊರಿನ ಹಿರಿಯರಿಗೆ ಗೊತ್ತಿರುತ್ತದೆ. ಗೊತ್ತಿದ್ದೂ ಯಾರೂ ಅವನ ಹತ್ತಿರ ಹೋಗುವುದಿಲ್ಲ, ಅಷ್ಟೇ.

1996ರಲ್ಲಿ 'ಆಪರೇಷನ್ ಸೀಸ್‌ಫೈರ್' ಹೆಸರಿನಲ್ಲಿ ಅವರನ್ನೇ ಕರೆದು ಕೂರಿಸಿದರು. ಒಂದೇ ಕೋಣೆ. ಒಂದು ಬದಿಯಲ್ಲಿ ಗ್ಯಾಂಗ್‌ನ ಹುಡುಗರು. ಎದುರಿಗೆ ಪೊಲೀಸರು, ಸರಕಾರಿ ವಕೀಲರು, ಜೊತೆಗೆ ಪಾದ್ರಿಗಳು, ಬೀದಿ ಕಾರ್ಯಕರ್ತರು. ಹೇಳಿದ್ದು ಎರಡು ಮಾತು. ನೀವು ಬದುಕಬೇಕು, ಜೈಲಿಗೂ ಹೋಗಬಾರದು ಎಂಬುದು ನಮ್ಮ ಆಸೆ, ಕೆಲಸ ಬೇಕೇ, ಓದು ಬೇಕೇ, ಸಹಾಯ ಇಲ್ಲೇ ಉಂಟು. ಎರಡನೆಯದು, ಇನ್ನು ಮೇಲೆ ನಿಮ್ಮಲ್ಲಿ ಒಬ್ಬ ಗುಂಡು ಹಾರಿಸಿದರೂ ಇಡೀ ಗುಂಪಿನ ಮೇಲೆ ಕಾನೂನಿನ ಕಣ್ಣು ಬೀಳುತ್ತದೆ. ಎರಡೂ ಮಾತನ್ನು ಅವರು ಉಳಿಸಿಕೊಂಡರು. ಬಂದೂಕುಗಳು ಎಲ್ಲಿಂದ ಬರುತ್ತಿವೆ ಎಂದು ಹುಡುಕಿ ಮಾರುವವರನ್ನು ಹಿಡಿಯುವ ಕೆಲಸವೂ ಜೊತೆಗೇ ನಡೆಯಿತು. 24 ವರ್ಷದೊಳಗಿನವರ ಕೊಲೆ ತಿಂಗಳ ಸರಾಸರಿಯಲ್ಲಿ ಶೇ. 63ರಷ್ಟು ಇಳಿಯಿತು ಎಂದು 2001ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. 1990ರಲ್ಲಿ 152 ಇದ್ದ ನಗರದ ಒಟ್ಟು ಕೊಲೆ 1999ರಲ್ಲಿ 31ಕ್ಕೆ ಬಂತು.

ಕೇಳಲು ಸುಲಭ. ಆದರೆ ಆ ಕೋಣೆಯಲ್ಲಿ ಪಾದ್ರಿ ಮತ್ತು ಪೊಲೀಸ್ ಅಕ್ಕಪಕ್ಕ ಕೂರುವುದು ಸಣ್ಣ ವಿಷಯವಾಗಿರಲಿಲ್ಲ. 1989ರಲ್ಲಿ ಅದೇ ನಗರದಲ್ಲಿ ಒಬ್ಬ ಬಿಳಿಯ ವ್ಯಕ್ತಿ ಗರ್ಭಿಣಿ ಹೆಂಡತಿಯನ್ನು ಗುಂಡಿಗೆ ಬಲಿಕೊಟ್ಟು, 'ಕಪ್ಪು ಮನುಷ್ಯನೊಬ್ಬ ಹೊಡೆದ' ಎಂದು ಸುಳ್ಳು ಹೇಳಿದ್ದ. ಪೊಲೀಸರು ಅದನ್ನು ನಂಬಿ ಕಪ್ಪು ಜನರ ಕೇರಿಗೆ ನುಗ್ಗಿ, ಸಿಕ್ಕ ಸಿಕ್ಕ ಯುವಕರನ್ನು ನಿಲ್ಲಿಸಿ ತಪಾಸಣೆ ಮಾಡಿ ಅವಮಾನಿಸಿದ್ದರು. ತಪ್ಪಾಗಿ ಆರೋಪ ಹೊತ್ತವರಲ್ಲಿ ನಗರಾಡಳಿತ ಕ್ಷಮೆ ಕೇಳಿದ್ದು 2023ರಲ್ಲಿ, 34 ವರ್ಷದ ನಂತರ! ಅಂಥ ಪೊಲೀಸರ ಜೊತೆ ಕೂರಬೇಕೇ ಎಂದು ಊರಿನವರು ಪಾದ್ರಿಗಳನ್ನು ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಪಾದ್ರಿಗಳು ಕೂತರು, ಆದರೆ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಪೊಲೀಸರು ತಪ್ಪಿದಾಗ ಅದನ್ನೂ ಬಹಿರಂಗವಾಗಿ ಹೇಳಿದರು, ನಿಜವಾಗಿ ಅಪಾಯಕಾರಿಯಾದವನನ್ನು ಹಿಡಿದಾಗ 'ಸರಿ ಮಾಡಿದಿರಿ' ಎಂದೂ ಹೇಳಿದರು. ಈ ಎರಡೂ ಮಾತು ಹೇಳುವ ಧೈರ್ಯ ಇದ್ದುದರಿಂದಲೇ ಎರಡೂ ಕಡೆಯವರು ಅವರ ಮಾತಿಗೆ ಬೆಲೆ ಕೊಟ್ಟರು. ಪೊಲೀಸರ ಬಾಲ ಹಿಡಿದವರನ್ನು ಹುಡುಗರು ನಂಬುವುದಿಲ್ಲ. ನಮ್ಮ ಹುಡುಗರು ಏನು ಮಾಡಿದರೂ ಸರಿ ಎನ್ನುವವರನ್ನು ಪೊಲೀಸರು ನಂಬುವುದಿಲ್ಲ.

ಕತೆ ಇಲ್ಲಿಗೆ ಮುಗಿಯುವುದಿಲ್ಲ. ಕೊಲೆ ಇಳಿದ ಕೂಡಲೇ ಎಲ್ಲರಿಗೂ ಬೇರೆ ಕೆಲಸ ನೆನಪಾಯಿತು. ಅಧಿಕಾರಿಗಳು ಬದಲಾದರು, ಶ್ರೇಯಸ್ಸು ಯಾರಿಗೆ ಎಂಬ ಪೈಪೋಟಿ ಹುಟ್ಟಿತು, ಸಭೆಗಳು ನಿಂತವು. 2000ದ ಹೊತ್ತಿಗೆ ಆ ಯೋಜನೆ ಹೆಚ್ಚುಕಡಿಮೆ ಸತ್ತೇ ಹೋಗಿತ್ತು. 2005-06ರ ಹೊತ್ತಿಗೆ ಬೋಸ್ಟನ್‌ನ ಕೊಲೆಗಳ ಸಂಖ್ಯೆ ಮತ್ತೆ 70 ದಾಟಿತು. 2007ರಲ್ಲಿ ಪುನಃ ಎಬ್ಬಿಸಬೇಕಾಯಿತು. 2024ರಲ್ಲಿ ಅಲ್ಲಿ ಆದ ಕೊಲೆ 24. 1957ರ ನಂತರ ಇಷ್ಟು ಕಡಿಮೆ ಇರಲಿಲ್ಲ. ನಮ್ಮಲ್ಲಿಯೂ ಘಟನೆ ನಡೆದ ವಾರ ಶಾಂತಿ ಸಭೆ, ಫೋಟೊ, ಹೇಳಿಕೆ. ಮೂರು ತಿಂಗಳ ನಂತರ ಆ ಸಮಿತಿಯ ಸದಸ್ಯರು ಯಾರೆಂದು ಸದಸ್ಯರಿಗೇ ನೆನಪಿರುವುದಿಲ್ಲ. ಬೋಸ್ಟನ್ ಆ ಮರೆವಿಗೆ ಕೊಟ್ಟ ಬೆಲೆ ಜೀವಗಳ ಲೆಕ್ಕದಲ್ಲಿ.

ಇನ್ನು ಷಿಕಾಗೊ. ಅಲ್ಲಿ ಈ ಕೆಲಸಕ್ಕೆ ಕೈಹಾಕಿದವರು ಒಬ್ಬ ವೈದ್ಯರು. ಗ್ಯಾರಿ ಸ್ಲಟ್ಕಿನ್ ಎಂಬ ಅವರು ಸೊಮಾಲಿಯಾದ ನಿರಾಶ್ರಿತರ ಶಿಬಿರಗಳಲ್ಲಿ, ಆಫ್ರಿಕದ ಬೇರೆ ದೇಶಗಳಲ್ಲಿ ಕ್ಷಯ, ಕಾಲರಾ, ಏಡ್ಸ್ ತಡೆಯುವ ಕೆಲಸ ಮಾಡಿ ಬಂದವರು. ಷಿಕಾಗೊದಲ್ಲಿ ಗುಂಡಿನ ದಾಳಿಗಳ ನಕ್ಷೆ ನೋಡಿದಾಗ ಅದು ಅವರಿಗೆ ಸಾಂಕ್ರಾಮಿಕ ರೋಗದ ನಕ್ಷೆಯಂತೆಯೇ ಕಂಡಿತು. ಒಂದು ಕೊಲೆ ಇನ್ನೊಂದಕ್ಕೆ ದಾರಿ ಮಾಡುತ್ತದೆ, ಅದು ಮತ್ತೊಂದಕ್ಕೆ. ಹಾಗಾದರೆ ರೋಗ ತಡೆದ ಹಾಗೆಯೇ ಇದನ್ನೂ ತಡೆಯಬೇಕು ಎಂದು ಅವರು ಯೋಚಿಸಿದರು. 2000ದಲ್ಲಿ ವೆಸ್ಟ್ ಗಾರ್ಫೀಲ್ಡ್ ಪಾರ್ಕ್ ಎಂಬ ಪ್ರದೇಶದಲ್ಲಿ ಕೆಲಸ ಶುರುವಾಯಿತು. 2004ರಿಂದ 'ಅಡ್ಡ ನಿಲ್ಲುವವರು' ಎಂಬ ಕಾರ್ಯಕರ್ತರನ್ನು ಸಂಬಳ ಕೊಟ್ಟು ನೇಮಿಸಿದರು. ಇವರಲ್ಲಿ ಹೆಚ್ಚಿನವರು ಒಂದು ಕಾಲಕ್ಕೆ ತಾವೇ ಗ್ಯಾಂಗ್‌ನಲ್ಲಿದ್ದವರು, ಜೈಲು ಕಂಡವರು.

ಅವರ ಕೆಲಸ ಏನು? ಗುಂಡೇಟು ತಿಂದವನನ್ನು ಆಸ್ಪತ್ರೆಗೆ ತಂದಾಗ ಅವನ ಅಣ್ಣತಮ್ಮಂದಿರು, ಗೆಳೆಯರು ಹೊರಗೆ ಹಲ್ಲು ಕಚ್ಚಿ ನಿಂತಿರುತ್ತಾರೆ. ಸೇಡಿನ ಯೋಜನೆ ಹುಟ್ಟುವುದು ಆ ಹೊತ್ತಿನಲ್ಲಿ, ಆ ವರಾಂಡದಲ್ಲಿ. ಕಾರ್ಯಕರ್ತ ಆಗಲೇ ಅಲ್ಲಿಗೆ ಓಡುತ್ತಾನೆ. ಅವನು ಹೇಳುವ ಮಾತಿಗೆ ತೂಕ ಉಂಟು, ಯಾಕೆಂದರೆ ಅವನೂ ಒಮ್ಮೆ ಸೇಡು ತೀರಿಸಿ ಹದಿನೈದು ಇಪ್ಪತ್ತು ವರ್ಷ ಒಳಗಿದ್ದು ಬಂದವನಿರಬಹುದು. ಇವತ್ತು ರಾತ್ರಿ ಬೇಡ, ನಾಳೆ ಮಾತಾಡೋಣ ಎನ್ನುತ್ತಾನೆ. ನಾಳೆ ಮತ್ತೆ ಬರುತ್ತಾನೆ. ಒಂದು ರಾತ್ರಿ ದಾಟಿದರೆ ಒಂದು ಜೀವ ಉಳಿಯುತ್ತದೆ. ಒಂದು ಜೀವ ಉಳಿಸುವುದರ ಬೆಲೆ ಏನೆಂದು ನಮ್ಮ ಮದ್ರಸದ ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು.

ಆ ಕಾರ್ಯಕರ್ತರಲ್ಲಿ ಅಮೀನಾ ಮ್ಯಾಥ್ಯೂಸ್ ಎಂಬ ಮುಸ್ಲಿಂ ಹೆಂಗಸೂ ಇದ್ದರು. 2011ರಲ್ಲಿ ಬಂದ 'ದಿ ಇಂಟರಪ್ಟರ್ಸ್' ಎಂಬ ಸಾಕ್ಷ್ಯಚಿತ್ರದಲ್ಲಿ ಅವರ ಕೆಲಸವನ್ನು ತೋರಿಸಿದ್ದಾರೆ. ಷಿಕಾಗೊದ ಕುಖ್ಯಾತ ಗ್ಯಾಂಗ್ ನಾಯಕನೊಬ್ಬನ ಮಗಳು ಅವರು, ಹರೆಯದಲ್ಲಿ ಅದೇ ದಾರಿಯಲ್ಲಿ ನಡೆದವರು. ಆಮೇಲೆ ದೀನಿನ ದಾರಿಗೆ ಬಂದು, ತಲೆಗೆ ಹಿಜಾಬ್ ಹಾಕಿಕೊಂಡು, ಕೈ ಮಿಲಾಯಿಸಲು ನಿಂತ ಹುಡುಗರ ಮಧ್ಯೆ ಹೋಗಿ ನಿಂತರು. ಗಟ್ಟಿ ಗಟ್ಟಿ ಹುಡುಗರು ಅವರ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದುದನ್ನು ನೋಡಿದರೆ, ಉಮ್ಮನ ಸ್ಥಾನದಲ್ಲಿರುವ ಹೆಂಗಸಿನ ಮಾತಿಗೆ ಎಷ್ಟು ಶಕ್ತಿ ಉಂಟು ಎಂದು ತಿಳಿಯುತ್ತದೆ. ನಮ್ಮ ಶಾಂತಿ ಸಭೆಗಳ ವೇದಿಕೆಯಲ್ಲಿ ಹೆಂಗಸರು ಎಷ್ಟು ಮಂದಿ ಎಂದು ಎಣಿಸಿ ನೋಡಿ.

ಅದೇ ನಗರದ ದಕ್ಷಿಣ ಭಾಗದಲ್ಲಿ 'ಇಮಾನ್' ಎಂಬ ಮುಸ್ಲಿಂ ಸಂಸ್ಥೆ 1990ರ ದಶಕದಿಂದ ಕೆಲಸ ಮಾಡುತ್ತಿದೆ. ಫೆಲೆಸ್ತೀನ್ ಮೂಲದ ರಾಮಿ ನಶಾಶಿಬಿ ಮತ್ತು ಅವರ ಗೆಳೆಯರು ಕಟ್ಟಿದ್ದು. ಆ ಬಡ ಕೇರಿಗಳಲ್ಲಿ ಮೂಲೆ ಅಂಗಡಿಗಳು ಬಹಳ ಕಡೆ ಅರಬ್ ಮುಸ್ಲಿಮರವು. ಅಂಗಡಿಯಲ್ಲಿ ಮದ್ಯ, ಸಿಗರೇಟು, ಲಾಟರಿ. ಬೀದಿಯಲ್ಲಿ ಮಾದಕ ವಸ್ತು, ಗುಂಡು. ಅಂಗಡಿಯವರು ಸಂಜೆ ಬಾಗಿಲೆಳೆದು ದೂರದ ಒಳ್ಳೆಯ ಊರಿನ ಮನೆಗೆ ಹೋಗುತ್ತಾರೆ, ಅಲ್ಲಿನ ಮಸೀದಿಗೆ ದಾನ ಕೊಡುತ್ತಾರೆ. ಹಣ ಕೊಟ್ಟ ಕೇರಿಯಲ್ಲಿ ರಾತ್ರಿ ಮಗು ಸತ್ತರೆ ಮರುದಿನ ಮತ್ತೆ ಅಂಗಡಿ ತೆರೆಯುತ್ತಾರೆ. ಇದು ನಮಗೆ ಸರಿಯೇ ಎಂದು ಇಮಾನ್ ತನ್ನ ಸಮುದಾಯವನ್ನೇ ಕೇಳಿತು. ಅಂಗಡಿಯವರನ್ನೂ ಕೇರಿಯ ಕಪ್ಪು ಜನರನ್ನೂ ಒಟ್ಟಿಗೆ ಕೂರಿಸಿ ಮಾತನಾಡಿಸಿತು. ತರಕಾರಿ, ಹಣ್ಣು ಇಡಿ, ಕೇರಿಯ ಮಕ್ಕಳೊಂದಿಗೆ ಗೌರವದಿಂದ ನಡೆದುಕೊಳ್ಳಿ ಎಂದು ಅಂಗಡಿ ಅಂಗಡಿಗೆ ಹೋಗಿ ಹೇಳಿತು. 2022ರಲ್ಲಿ ಎಂಗಲ್‌ವುಡ್ ಎಂಬ ಪ್ರದೇಶದಲ್ಲಿ ತಾನೇ ಒಂದು ತಾಜಾ ದಿನಸಿ ಅಂಗಡಿ ತೆರೆಯಿತು. ಜೈಲಿನಿಂದ ಬಂದವರಿಗೆ ಬಡಗಿ, ಗಾರೆ ಕೆಲಸ ಕಲಿಸಿ, ಪಾಳು ಬಿದ್ದ ಮನೆಗಳನ್ನು ಅವರಿಂದಲೇ ದುರಸ್ತಿ ಮಾಡಿಸುತ್ತಿದೆ. ಉಚಿತ ಕ್ಲಿನಿಕ್ ನಡೆಸಿದೆ. ಮುಂಬೈ, ಬೆಂಗಳೂರು, ಗಲ್ಫ್ ಎಂದು ಪರವೂರಿನಲ್ಲಿ ಅಂಗಡಿ ಇಟ್ಟು ಬದುಕಿದ ನಮ್ಮ ಬ್ಯಾರಿಗಳಿಗೆ ಆ ಪ್ರಶ್ನೆಯ ಚುರುಕು ಬೇಗ ತಟ್ಟುತ್ತದೆ. ವ್ಯಾಪಾರ ಮಾಡುವ ಊರಿನ ದುಃಖದಲ್ಲಿ ನಮಗೆ ಪಾಲಿಲ್ಲವೇ?

ಈ ಕೆಲಸದಲ್ಲಿ ಎಲ್ಲವೂ ಗೆಲುವೇ ಎಂದು ನಾವು ಹೇಳುವುದಿಲ್ಲ. ಪಿಟ್ಸ್‌ಬರ್ಗ್ ನಗರದಲ್ಲಿ ಇಂಥದ್ದೇ ಯೋಜನೆಯನ್ನು ಅಧ್ಯಯನ ಮಾಡಿದವರಿಗೆ ಕೊಲೆ ಇಳಿದದ್ದು ಕಾಣಲಿಲ್ಲ. ಬಾಲ್ಟಿಮೋರ್‌ನಲ್ಲಿ 2021ರ ಜನವರಿಯಿಂದ 2022ರ ಜನವರಿಯ ತನಕ ಇದೇ ಕೆಲಸದ ಮೂವರು ಕಾರ್ಯಕರ್ತರು ಗುಂಡಿಗೆ ಬಲಿಯಾದರು. ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವವರನ್ನು ಈ ದಾರಿ ತಲುಪುವುದಿಲ್ಲ, ಅದಕ್ಕೆ ಬೇರೆ ದಾರಿ ಬೇಕು. ಹಣದ ಕತೆಯೂ ಹಾಗೆಯೇ. 2015ರಲ್ಲಿ ಇಲಿನಾಯ್ ರಾಜ್ಯ ಸರಕಾರ ಷಿಕಾಗೊದ ಯೋಜನೆಗೆ ಹಣ ನಿಲ್ಲಿಸಿತು. ಮರುವರ್ಷ ಆ ನಗರದಲ್ಲಿ 750ಕ್ಕೂ ಹೆಚ್ಚು ಕೊಲೆಯಾಯಿತು. ಅದೊಂದೇ ಕಾರಣ ಎನ್ನಲಾಗದು, ಆದರೆ ಬೆಂಕಿ ಬೀಳುವ ಹೊತ್ತಿಗೆ ನೀರು ಹೊರುವವರನ್ನು ಮನೆಗೆ ಕಳಿಸಿದ್ದಂತೂ ಹೌದು. 2022ರಲ್ಲಿ ಅಮೆರಿಕ ಸಂಸತ್ತು ಇಂಥ ಕೆಲಸಕ್ಕೆಂದೇ 25 ಕೋಟಿ ಡಾಲರ್ ಇಟ್ಟಿತು. 2025ರ ಏಪ್ರಿಲ್‌ನಲ್ಲಿ ಹೊಸ ಸರಕಾರದ ನ್ಯಾಯ ಇಲಾಖೆ ಇಂಥ ಹಲವು ಸಂಸ್ಥೆಗಳ ಅನುದಾನವನ್ನು ಮಧ್ಯದಲ್ಲೇ ರದ್ದು ಮಾಡಿತು.

ಈಗ ನಮ್ಮ ಕಡೆಗೆ ಬರೋಣ. ನಮ್ಮ ಜಿಲ್ಲೆಯಲ್ಲಿ ಬಂದೂಕು ಎಂದರೆ ತೋಟಕ್ಕೆ ಬರುವ ಹಂದಿ, ಮಂಗ ಓಡಿಸಲು ಲೈಸೆನ್ಸ್ ಪಡೆದ ಕೋವಿ. ಚುನಾವಣೆ ಬಂತೆಂದರೆ ಅದನ್ನೂ ಠಾಣೆಗೆ ಕೊಟ್ಟು ಬರಬೇಕು. ಅಮೆರಿಕದ ಸ್ಥಿತಿ ನಮ್ಮದಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಸೇಡಿಗೆ ಬಂದೂಕೇ ಬೇಕೆಂದಿಲ್ಲ. 2022ರ ಜುಲೈಯಲ್ಲಿ ದಕ್ಷಿಣ ಕನ್ನಡದಲ್ಲಿ ಹತ್ತು ದಿನಗಳ ಅಂತರದಲ್ಲಿ ಮೂವರು ಯುವಕರ ಮೇಲೆ ದಾಳಿಯಾಗಿ ಮೂವರೂ ಸತ್ತರು. 2025ರ ಮೇ ಒಂದೇ ತಿಂಗಳಲ್ಲಿ ಇಬ್ಬರ ಕೊಲೆಯಾಯಿತು. ಒಂದು ಮನೆಯಲ್ಲಿ ಅತ್ತದ್ದು ಉಮ್ಮ, ಇನ್ನೊಂದು ಮನೆಯಲ್ಲಿ ಅಮ್ಮ. ಕಣ್ಣೀರಿಗೆ ಬೇರೆ ಬೇರೆ ಬಣ್ಣ ಇಲ್ಲ. ಮೊದಲ ಕೊಲೆಗೂ ಎರಡನೆಯದಕ್ಕೂ ನಡುವೆ ಸಿಗುವ ದಿನಗಳು ಕೆಲವೇ. ಆ ದಿನಗಳಲ್ಲಿ ವಾಟ್ಸ್‌ಆ್ಯಪ್ ಸುಮ್ಮನಿರುವುದಿಲ್ಲ, ಭಾಷಣ ಮಾಡುವವರು ಸುಮ್ಮನಿರುವುದಿಲ್ಲ. ಸುಮ್ಮನಿರುವವರು ಊರಿನ ಮರ್ಯಾದಸ್ಥರು ಮಾತ್ರ.

ನಮ್ಮ ಜಮಾಅತ್ ಕಮಿಟಿಗಳಿಗೆ ಮಸೀದಿಯ ಟೈಲ್ಸ್, ಸೌಂಡ್ ಬಾಕ್ಸ್, ಉರೂಸಿನ ಲೆಕ್ಕ ಮಾಡುವ ಶಕ್ತಿ ಉಂಟು. ಅದೇ ಶಕ್ತಿಯ ಸ್ವಲ್ಪ ಭಾಗ ಇದಕ್ಕೂ ಬರಲಿ. ಪ್ರತಿ ಮೊಹಲ್ಲಾದಲ್ಲಿ ಐದಾರು ಜನರ ಒಂದು ತಂಡ ಇರಲಿ. ಅದರಲ್ಲಿ ಖತೀಬರು ಇರಲಿ, ಒಬ್ಬ ಟೀಚರ್, ಒಬ್ಬರು ಹೆಂಗಸು, ಹಿಂದೆ ತಪ್ಪು ದಾರಿಯಲ್ಲಿ ನಡೆದು ಈಗ ತಿದ್ದಿಕೊಂಡ ಒಬ್ಬ ಯುವಕನೂ ಇರಲಿ. ಈ ಕೊನೆಯವನನ್ನು ಕಮಿಟಿಯ ಹತ್ತಿರ ಸೇರಿಸುವುದು ನಮ್ಮಲ್ಲಿ ಬಹಳ ಮಂದಿಗೆ ಇಷ್ಟವಾಗಲಿಕ್ಕಿಲ್ಲ. ಆದರೆ ಷಿಕಾಗೊದ ಆಸ್ಪತ್ರೆಯ ವರಾಂಡದಲ್ಲಿ ಕೆಲಸಕ್ಕೆ ಬಂದದ್ದು ಅವನೇ. ಗಾಂಜಾ, ಎಂಡಿಎಂಎ ಎಂದು ದಾರಿ ತಪ್ಪಿದ ಹುಡುಗನನ್ನು ಜಮಾಅತಿನಿಂದ ಹೊರಗೆ ಹಾಕುವ ನಿರ್ಣಯ ಮಾಡುವ ಮೊದಲು, ಆ ಹುಡುಗನ ಮನೆಗೆ ಎಷ್ಟು ಸಲ ಹೋಗಿದ್ದೇವೆ ಎಂದು ಪುಸ್ತಕ ನೋಡಿ. ಹೊರಗೆ ಹಾಕಿದವನನ್ನು ಒಳಗೆ ಕರೆಯಲು ಬೇರೆಯವರು ಕಾದು ಕುಳಿತಿರುತ್ತಾರೆ.

ಹಾಗೆಯೇ ಪಕ್ಕದ ಭಜನಾ ಮಂದಿರದ ಅಧ್ಯಕ್ಷರ, ಚರ್ಚ್‌ನ ಫಾದರ್‌ರ ಫೋನ್ ನಂಬರ್ ನಮ್ಮ ಕಮಿಟಿಯವರ ಮೊಬೈಲಿನಲ್ಲಿ ಇರಲಿ. ಘಟನೆ ಆದ ಮೇಲೆ ಪರಿಚಯ ಮಾಡಿಕೊಳ್ಳಲು ಹೋದರೆ ಯಾರು ಬಾಗಿಲು ತೆರೆದಾರು? ಮದುವೆ ಊಟಕ್ಕೆ, ಕಾಯಿಲೆ ಬಿದ್ದಾಗ, ನೆರೆ ಬಂದಾಗ ಹೋಗಿ ಬಂದವರಿಗೆ ಆ ದಿನವೂ ಬಾಗಿಲು ತೆರೆಯುತ್ತದೆ. ಪೊಲೀಸರೊಂದಿಗೂ ಅಷ್ಟೇ. ನಮ್ಮವನು ತಪ್ಪು ಮಾಡಿದರೆ ಒಪ್ಪಿಸಲು ನಾವು ಹಿಂಜರಿಯಬಾರದು, ನಿರಪರಾಧಿಯನ್ನು ಎಳೆದುಕೊಂಡು ಹೋದರೆ ಪ್ರಶ್ನಿಸಲೂ ಹೆದರಬಾರದು. ಅವರು ಬಂದು ಸಭೆ ಕರೆಯುವ ತನಕ ಕಾಯುವುದೂ ಬೇಡ.

ಬೋಸ್ಟನ್‌ನ ಪಾದ್ರಿಗಳು ಬೀದಿಗೆ ಇಳಿದದ್ದು ಚರ್ಚ್‌ನ ಒಳಗೆ ರಕ್ತ ಬಿದ್ದ ಮೇಲೆ. ಅಷ್ಟು ತಡ ಮಾಡುವ ಅಗತ್ಯ ನಮಗಿಲ್ಲ. ಮುಂದಿನ ಜುಮಾ ಮುಗಿದ ಮೇಲೆ ಹತ್ತು ನಿಮಿಷ ಕುಳಿತು, ನಮ್ಮ ಮೊಹಲ್ಲಾದಲ್ಲಿ ಯಾರ ಮನೆಗೆ ಮೊದಲು ಹೋಗಬೇಕು ಎಂದು ಕೇಳಿಕೊಂಡರೆ ಸಾಕು. ಹೆಸರು ಎಲ್ಲರಿಗೂ ಗೊತ್ತು. ಅಸರ್ ನಂತರ ಇಬ್ಬರು ಎದ್ದು ಆ ಮನೆಗೆ ಹೊರಡಲಿ.